ಬಾಳವ್ವನ ಕೋಣೆಯ ಪಂಪು

ಹಿಮ ಬೀಳುವ ಬೆಟ್ಟದ ಮೇಲೆ ಮಡಿವಾಳಜ್ಜನವರ ಆಶ್ರಮ. ಅಜ್ಜ ಬಿಸಿಲುನಾಡಿನವರು, ಬೆನ್ನು ಹತ್ತಿ ಬಂದ ಶಿಷ್ಯರೂ ಆ ಕಡೆಯವರೇ. ಚಳಿ ಅಂದರೆ ಏನು ಅಂತ ಅಲ್ಲಿಗೆ ಹೋದ ಮೇಲೇ ಅವರಿಗೆ ಗೊತ್ತಾಯಿತು, ಪಾಪ.

ಶಿಷ್ಯರಲ್ಲಿ ಕಲ್ಲಯ್ಯ ಪೈಪಿನ ಕೆಲಸ ಬಲ್ಲವ. ಬಾಯ್ಲರ್ ಕೂರಿಸಿದ. ಕಾದ ನೀರು ದೊಡ್ಡ ಪೈಪಿನಲ್ಲಿ ಆಶ್ರಮಕ್ಕೆ ಒಂದು ಸುತ್ತು ಹಾಕಿ ಮತ್ತೆ ಬಾಯ್ಲರಿಗೇ ಬರಬೇಕು. ದೊಡ್ಡ ಪಂಪಿನ ನೂಕಿಗೆ ಆ ನೀರು ತಿರುಗುತ್ತಲೇ ಇರುತ್ತದೆ. ಅದರಿಂದ ಕೋಣೆ ಕೋಣೆಗೂ ಸಣ್ಣ ಪೈಪು, ಕೋಣೆ ಕೋಣೆಗೂ ಸಣ್ಣ ಪಂಪು. ಕಾವು ಬೇಕಾದವರು ಪಂಪು ಹಾಕಿ ಎಳೆದುಕೊಳ್ಳಬೇಕು, ಸಾಕಾದಾಗ ಆರಿಸಬೇಕು.

ಎಲ್ಲ ಕೋಣೆಗಳೂ ಹಾಗೇ ನಡೆದವು, ಬಾಳವ್ವನದೊಂದು ಬಿಟ್ಟು.

ಬಾಳವ್ವ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಮುದುಕಿ. ಉಬ್ಬಸದವಳು. ಚಳಿಯೂ ಆಗದು, ಸೆಕೆಯೂ ಆಗದು. ಪಂಪು ಆರಿಸಿದರೂ ಅವಳ ಕೋಣೆ ಕುದಿಯುತ್ತಲೇ ಇತ್ತು. ಕಿಟಕಿ ತೆಗೆದರೆ ಹಿಮದ ಗಾಳಿ ಎದೆಗೇ ಬಡಿಯುತ್ತಿತ್ತು. ಒಂದು ಬೆಳಿಗ್ಗೆ ಕಂಬಳಿ ಹೊದ್ದುಕೊಂಡು ಹೊರಗಿನ ಜಗಲಿಗೆ ಬಂದು ಕೂತೇಬಿಟ್ಟಳು.

"ಯವ್ವಾ, ಒಳಗ ನಡಿ. ಇಲ್ಲಿ ಕುಂತ್ರ ಸಾಯ್ತಿ" ಅಂದ ಕಲ್ಲಯ್ಯ.

"ಒಳಗ ಉಸಿರು ಕಟ್ಟಿ ಸಾಯೂದಕ್ಕಿಂತ ಇದ ಚಲೋ. ಬ್ಯಾಡ ಅಂದ್ರೂ ನಿಲ್ಲಂಗಿಲ್ಲ, ಅದ್ಯಾವ ಸೀಮಿ ಪಂಪೋ!"

"ಬ್ಯಾರೆ ಕೋಣಿ ಕೊಡ್ತೀನಿ."

"ನನ್ನ ಕೋಣಿ ನನಗ ಬೇಕು. ಹೋಗ್."

ಅವಳ ಗಂಟಲು ಸುಂಯ್ ಅನ್ನುತ್ತಿತ್ತು. ಮಾತು ಮಾತ್ರ ಗಟ್ಟಿ ಇತ್ತು. ಸುದ್ದಿ ಅಜ್ಜನವರಿಗೆ ಮುಟ್ಟಿತು.

"ಉಳಿದ ಕೋಣಿ ನೆಟ್ಟಗ ಅದಾವು. ಅಕಿದ್ಯಾಕೋ ಹಿಂಗ?" ಅಜ್ಜ ಕೇಳಿದರು.

ಕಲ್ಲಯ್ಯ ನೆಲದ ಮೇಲೆ ಗೆರೆ ಎಳೆದು ತೋರಿಸಿದ.

"ನೀರು ಹೋಗೋ ಬಾಯಿ, ತಿರುಗಿ ಬರೋ ಬಾಯಿ, ಎರಡೂ ದೊಡ್ಡ ಪೈಪಿನ್ಯಾಗ ಮಗ್ಗಲ ಮಗ್ಗಲಕ್ಕ ಇರಬೇಕ್ರಿ, ಗೇಣಿನೊಳಗ. ಹಂಗಿದ್ರ ದೊಡ್ಡ ಪೈಪಿನ ನೀರು ತನ್ನ ಪಾಡಿಗೆ ತಾ ದಾಟಿ ಹೋಗ್ತೈತಿ. ಕೋಣಿಯವ್ರು ಎಳದ್ರಷ್ಟ ಒಳಗ ಬರ್ತೈತಿ. ದೂರ ದೂರ ಇಟ್ರ ದೊಡ್ಡ ಪಂಪು ಒಳಗ ನೂಕತೈತ್ರಿ."

"ಅಕಿದು ಎಷ್ಟು ದೂರ ಇಟ್ಟಿ?"

"ನಿಮ್ಮ ಗದ್ದಿಗಿ ಈಚಿಗೊಂದು, ಆಚಿಗೊಂದು."

ಅಜ್ಜ ಕೂತು ಪಾಠ ಹೇಳುವ ಕಲ್ಲಿನ ಗದ್ದುಗೆ ಅದು. ಬೆಚ್ಚಗಿರಲಿ ಅಂತ ಕಲ್ಲಯ್ಯ ದೊಡ್ಡ ಪೈಪನ್ನು ಅದರ ಕೆಳಗೇ ಹಾಯಿಸಿದ್ದ. ಬಾಳವ್ವನ ಕೋಣೆ ಅದರ ಮಗ್ಗುಲಿಗೇ ಇತ್ತು.

"ತಪ್ಪು ಅಂತ ಗೊತ್ತಿದ್ದೂ ಇಟ್ಟಿಯೇನು?"

"ಗೊತ್ತಿದ್ದ ಇಟ್ಟೆರಿ. ನಿಮ್ಮ ಗದ್ದಿಗಿ ದಾಟಿದ ನೀರು ಪಾದತೀರ್ಥ. ಅದನ್ನ ಅಕಿ ಬಚ್ಚಲ ಕೆಳಗ ಹ್ಯಾಂಗ ಹರಸ್ಲಿ? ಅದಕ್ಕ ಈಚಿಗೇ ತಗೊಂಡೆ. ಮುಸುರಿ ತಿಕ್ಕಾಕಿ ಕೋಣಿ ತಿರುಗಿ ಬಂದದ್ದು ಎಂಜಲು. ಅದನ್ನ ನಿಮ್ಮ ಕೆಳಗ ಹ್ಯಾಂಗ ಬಿಡ್ಲಿ? ಅದಕ್ಕ ಆಚಿಗೆ ಸೇರಿಸಿದೆ."

"ಅದ ನೀರು ಬಾಯ್ಲರಿಗೆ ಹೋಗಿ ಮತ್ತ ನನ್ನ ಕೆಳಗನ ಬರ್ತೈತೆಲ್ಲೋ ಹುಚ್ಚಪ್ಪಾ!"

"ಬೆಂಕಿ ಮುಟ್ಟಿದ ಮ್ಯಾಲೆ ಎಂಜಲು ಹೋಗ್ತೈತ್ರಿ."

ಇಂಥ ಭಕ್ತನನ್ನು ಕಟ್ಟಿಕೊಂಡು ಏನು ಮಾಡಬೇಕು, ನೀವೇ ಹೇಳಿ.

"ಎರಡೂ ಬಾಯಿ ಈಚಿಗೇ ತಾ" ಅಂದರು ಅಜ್ಜ.

"ಆಗಂಗಿಲ್ರಿ. ಬೇಕಾದ್ರ ಅಕಿಗೊಂದು ವಾಲ್ವ್ ಹಾಕಿಕೊಡ್ತೀನಿ. ಮುಚ್ಚಿಕೊಳ್ಳಲಿ."

"ನೂಕೋರು ನೂಕಾಕತ್ತಿರಲಿ, ಅಕಿ ಬಾಯಿಗೆ ಬೂಚು ಬಡಿತೀನಿ ಅಂತೀಯೇನು?"

"ಏನರ ಅನ್ರಿ. ಅಕಿ ಬಿಟ್ಟ ನೀರು ನಿಮ್ಮ ಕೆಳಗ ಹರಿಯೂದು ನನ್ನ ಕೈಯಿಂದ ಆಗಂಗಿಲ್ಲ."

"ನಾ ಹೇಳಿದ್ರೂ?"

"ನೀವು ಹೇಳಿದ್ರೂ."

ಅಜ್ಜನವರ ಮಾತಿಗೆ ಕಲ್ಲಯ್ಯ ಅಂದಿನವರೆಗೆ ಎಂದೂ ಇಲ್ಲ ಅಂದವನಲ್ಲ.

ಅಜ್ಜ ಎದ್ದರು. ಹೊದ್ದ ಶಾಲನ್ನು ಗದ್ದುಗೆಯ ಮೇಲೇ ಬಿಟ್ಟು, ಹೊರಗೆ ಹೋಗಿ ಬಾಳವ್ವನ ಪಕ್ಕದಲ್ಲಿ ಕೂತರು.

"ನೀವ್ಯಾಕ ಬಂದ್ರಿ ಅಜ್ಜಾರ?" ಅಂದಳು ಅವಳು.

"ನನ್ನ ಕೆಳಗ ಬಾಳ ಪವಿತ್ರ ನೀರು ಐತಂತವ್ವ. ಮೈಗೆ ಹಿಡಸಲಿಲ್ಲ."

ಕಲ್ಲಯ್ಯ ಶಾಲು ಹಿಡಿದು ಓಡಿ ಬಂದ. ಅಜ್ಜ ಅದನ್ನು ತೆಗೆದು ಬಾಳವ್ವನ ಕಂಬಳಿಯ ಮೇಲೆ ಹೊದಿಸಿದರು. ಕಲ್ಲಯ್ಯ ಕಾಲು ಹಿಡಿದ, ಅತ್ತ. ಅಜ್ಜನವರ ತುಟಿ ಕಪ್ಪಿಟ್ಟಿತ್ತು. ಅವರು ಎದುರಿನ ಬೆಟ್ಟದ ಕಡೆ ನೋಡುತ್ತಿದ್ದರು. ಪಕ್ಕದಲ್ಲಿ ಬಾಳವ್ವ ಕೆಮ್ಮತೊಡಗಿದಳು, ನಿಲ್ಲಿಸಲಿಕ್ಕೇ ಆಗಲಿಲ್ಲ.

ಕಲ್ಲಯ್ಯನಿಗೆ ಸಿಟ್ಟು ನೆತ್ತಿಗೇರಿತು. ಧಡಧಡ ಒಳಗೆ ಹೋಗಿ ಬಾಯ್ಲರ್ ಆರಿಸಿದ, ನೀರು ಬಸಿದ. ಆಶ್ರಮವೆಲ್ಲ ತಣ್ಣಗಾಯಿತು. ಆಚಿನ ಬಾಯಿ ಮುಚ್ಚಿದ. ಗದ್ದುಗೆಯ ಈಚೆ, ಮೊದಲಿನ ಬಾಯಿಯ ಮಗ್ಗುಲಿಗೇ ದೊಡ್ಡ ಪೈಪನ್ನು ಗರಗಸದಿಂದ ಕೊಯ್ದ. ಕೊಯ್ಯುವಾಗ ತನ್ನ ಕೊರಳೇ ಕೊಯ್ದಂತೆ ಅಳುತ್ತಿದ್ದ. ಎರಡನೆಯ ಬಾಯಿ ಅಲ್ಲಿ ಕೂರಿಸಿ, ನೀರು ತುಂಬಿ, ಮತ್ತೆ ಬಾಯ್ಲರ್ ಹೊತ್ತಿಸಿದ.

ಬಾಳವ್ವ ಗೋಡೆ ಹಿಡಿದುಕೊಂಡು ಕೋಣೆಗೆ ಹೋದಳು. ಪಂಪು ಹಾಕಿದಳು. ಬಿಸಿನೀರು ಹಾಯುವ ಗೋಡೆಯ ರೇಡಿಯೇಟರ್ ಬೆಚ್ಚಗಾಯಿತು. ಹಿತವೆನಿಸಿದಾಗ ಆರಿಸಿದಳು. ಅದರ ಮೇಲೆ ಅಂಗೈ ಇಟ್ಟುಕೊಂಡೇ ಕೂತಳು, ಅದು ತಣಿಯುವ ತನಕ.

"ಹ್ಞಾಂ, ಈಗ ನನ್ನ ಮಾತು ಕೇಳಾಕತ್ತೈತಿ" ಅಂದಳು. ಕಲ್ಲಯ್ಯನ ಮುಖದ ಮೇಲೇ ಬಾಗಿಲು ಹಾಕಿಕೊಂಡು ಮಲಗಿದಳು.

ಅಜ್ಜ ಬಂದು ಗದ್ದುಗೆಯ ಮೇಲೆ ಕೂತರು. ಕಲ್ಲನ್ನು ಸವರಿದರು.

"ಬಾಳವ್ವನ ನೀರು ಬೆಚ್ಚಗ ಐತಿ" ಅಂದರು.

ಕಲ್ಲಯ್ಯ ನಮಸ್ಕಾರ ಮಾಡಲಿಲ್ಲ. ಪೈಪು ಬಿಗಿಯುವ ಪಾನಾ ಹಿಡಿದುಕೊಂಡು ಎದುರಿಗೆ ನಿಂತ.

"ಒಂದು ಕೇಳ್ತೀನ್ರಿ."

"ಕೇಳು."

"ಅಕಿ ಬ್ಯಾಡ ಅಂದ್ರೂ ನೂಕಿದ್ದು ನನ್ನ ತಪ್ಪು, ಒಪ್ಪಿದೆ. ಹಿಮದಾಗ ಕುಂತು ನೀವು ನನಗ ಮಾಡಿದ್ದೇನ್ರಿ? ನಾನೂ ಬ್ಯಾಡ ಅಂದಿದ್ದೆ. ನೀವು ನಿಂತ್ರೇನು?"

ಅಜ್ಜ ಕಲ್ಲಿನ ಮೇಲಿಂದ ಕೈ ತೆಗೆದರು.

"ಇಲ್ಲ. ನಾನೂ ನೂಕಿದೆ" ಅಂದರು.

"ಹಂಗಾದ್ರ ನಾಳಿಂದ ನಾ ಪಾಠಕ್ಕ ಬರಂಗಿಲ್ಲ. ಬರಬೇಕು ಅಂತ ನನಗ ಅನಿಸಿದ ದಿವಸ ಬರ್ತೀನಿ. ಅನಿಸಲಿಲ್ಲ, ಇಲ್ಲ."

ಅಜ್ಜನವರ ಮುಖ ಅರಳಿತು.

"ನಾ ಅಂತೂ ಇಲ್ಲೇ ತಿರುಗತಿರ್ತೀನೋ ತಮ್ಮಾ. ಬೇಕಾದಾಗ ಎಳಕೋ."