ಓಗೊಟ್ಟಗಲ್ಲು ಮತ್ತು ಒಂಟಿಕೋಡಿನ ಟಗರು

ತುಂಗಭದ್ರೆಯ ಎಡದಂಡೆಯಲ್ಲಿ, ಹಾಲಗುಂಡಿ ಎಂಬ ಊರಿನ ಬೆನ್ನಿಗೆ, ಯಾರೋ ಗಾಡಿಗಟ್ಟಲೆ ತಂದು ಸುರಿದು ಹೋದಂತೆ ಬಂಡೆಗಳ ಒಂದು ಗುಡ್ಡವಿದೆ. ಅದರ ನೆತ್ತಿಯಲ್ಲಿ ಎರಡು ಗುಂಡುಗಳ ಮೇಲೆ ಅಡ್ಡಲಾಗಿ ಕುಳಿತಿರುವ ಉದ್ದನೆಯ ಕಪ್ಪು ಬಂಡೆಯೇ ಓಗೊಟ್ಟಗಲ್ಲು. ಅವಸರದ ನಾಲಗೆಯಲ್ಲಿ ಅದು ಓಗಟಗಲ್ಲಾಗಿದೆ. ಹೀಗಾಗಿ ಕೆಲವರು ಅದಕ್ಕೂ ಒಗಟಿಗೂ ನಂಟು ಹಚ್ಚುವುದುಂಟು. ಅದು ಸರಿಯಲ್ಲ. ಕರೆದವರಿಗೆ ‘ಓ’ ಎಂದು ಮರುದನಿ ಕೊಡುವುದಕ್ಕೆ ಓಗೊಡುವುದು ಎನ್ನುತ್ತೇವೆ. ಇದು ಹಾಗೆ ಓಗೊಟ್ಟ ಕಲ್ಲು. ಈಚಿನ ವರ್ಷಗಳಲ್ಲಿ, ಎದೆಯ ಮೇಲೆ ಒಂಟಿಕೋಡಿನ ಟಗರಿನ ಚಿತ್ರವಿರುವ ಕಪ್ಪು ಟೀಶರ್ಟು ತೊಟ್ಟ ಹುಡುಗ ಹುಡುಗಿಯರು ಬಸ್ಸಿಳಿದು ಗುಡ್ಡದ ದಾರಿ ಕೇಳುತ್ತಾರೆ. ಆ ಟಗರು ಒಂದು ರಾಕ್ ತಂಡದವರು ಕಟ್ಟಿದ ರೆಕಾರ್ಡ್ ಕಂಪನಿಯ ಗುರುತು. ಕಂಪನಿಯ ಹೆಸರೂ ಓಗೊಟ್ಟಗಲ್ಲು. ಹಾಡು ಬಲ್ಲ ಆ ಮಕ್ಕಳಿಗೆ ಟಗರಿನ ಕಥೆ ಗೊತ್ತಿರುವುದಿಲ್ಲ. ಕಥೆ ಬಲ್ಲ ನನ್ನಂಥ ಮುದುಕರಿಗೆ ಆ ಹಾಡು ತುಸು ಜೋರು. ಆದರೂ ಕೇಳಿದವರಿಗೆ ಹೇಳದಿರಲಾಗದು.

ಹಿಂದೆ ಒಮ್ಮೆ, ಈ ಸೀಮೆಗೆ ಹೇಳುವ ಕೇಳುವ ದೊರೆಯಿಲ್ಲದೆ, ಕುದುರೆಯಿದ್ದವನೇ ದೊರೆಯಾಗಿದ್ದ ಕಾಲದಲ್ಲಿ, ಗುಡ್ಡದ ಬುಡಕ್ಕೆ ಕುರುಬರ ಹಟ್ಟಿಯೊಂದಿತ್ತು. ಅಲ್ಲಿ ಹೊನ್ನವ್ವ ಎಂಬ ಹೆಣ್ಣುಮಗಳು, ಅವಳ ತಮ್ಮ ಮುದ್ದ. ಹೆತ್ತವರು ಬೇಗ ತೀರಿಕೊಂಡಿದ್ದರಿಂದ ಹೊನ್ನವ್ವನೇ ತಮ್ಮನನ್ನು ಸಾಕಿದ್ದಳು. ಮುದ್ದ ಬೆಳೆದು ಹಟ್ಟಿಯ ಕುರಿಗಳನ್ನೆಲ್ಲ ಮೇಯಿಸುವವನಾದ. ಹಬ್ಬ ಬಂದರೆ ಡೊಳ್ಳು ಬಾರಿಸುವವರಲ್ಲಿ ಮೊದಲಿಗನಾದ. ಮಾಗಿಯ ಒಂದು ಬೆಳಗು ಅವನು ಹಟ್ಟಿಯ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಗುಡ್ಡದ ಆಚೆಯ ಹುಲ್ಲಿಗೆ ಕುರಿ ಹೊಡೆದುಕೊಂಡು ಹೋಗಿದ್ದ. ಅವನು ಹೋದ ಸ್ವಲ್ಪ ಹೊತ್ತಿಗೆ ಸವಾರರ ದಂಡು ಹಟ್ಟಿಯ ಮೇಲೆ ಬಿತ್ತು. ಗುಡಿಸಲುಗಳಿಗೆ ಬೆಂಕಿ ಬಿತ್ತು, ಡೊಳ್ಳುಗಳೂ ಅದರಲ್ಲೇ ಬೆಂದವು. ಇದ್ದವರು ಉಟ್ಟ ಬಟ್ಟೆಯಲ್ಲೇ ಗುಡ್ಡ ಹತ್ತಿ ಆ ಕಪ್ಪು ಬಂಡೆಯ ಕೆಳಗಿನ ಪೊಟರೆಯಲ್ಲಿ ಅಡಗಿದರು. ಅಷ್ಟರಲ್ಲಿ ಹೊಳೆಯ ಕಡೆಯಿಂದ ಎದ್ದ ಮಂಜು ಗುಡ್ಡವನ್ನೆಲ್ಲ ಮುಚ್ಚಿತು. ಚಾಚಿದ ಕೈ ತನಗೇ ಕಾಣದಷ್ಟು ಮಂಜು ಎನ್ನುತ್ತಾರೆ.

ಆಚೆಯಲ್ಲಿದ್ದ ಮುದ್ದ ಹೊಗೆಯ ವಾಸನೆಗೆ ಹೆದರಿ, ಕುರಿಯನ್ನೂ ಮಕ್ಕಳನ್ನೂ ಬಂಡೆಗಳ ಸಂದಿಗೆ ನುಗ್ಗಿಸಿದ್ದ. ಮಂಜು ಕವಿದಾಗ ದಾರಿ ತಪ್ಪಿತು. ಆ ಗುಡ್ಡದಲ್ಲಿ ಕಾಲು ತಪ್ಪಿದರೆ ಆಳದ ಬಿರುಕುಗಳು, ಬಿರುಕುಗಳಲ್ಲಿ ಕರಡಿಗಳು. ಅವನು ಒಂದೇ ಸಮನೆ ಅಕ್ಕನನ್ನು ಕೂಗತೊಡಗಿದ. ಆ ಕೂಗು ಪೊಟರೆಯವರೆಗೂ ಬಂತು. ಆದರೆ ಬಂಡೆ ಬಂಡೆಗೂ ಬಡಿದು ಹತ್ತು ದಿಕ್ಕಿನಿಂದ ಬಂತು. ತಿರುಗಿ ಕೂಗಿದರೆ ಇವಳ ದನಿಗೂ ಅದೇ ಗತಿ. ಹೊನ್ನವ್ವ ತಡವರಿಸಿಕೊಂಡು ಹೊರಗೆ ಬಂದು, ಕೈಗೆ ಸಿಕ್ಕ ಗುಂಡುಕಲ್ಲೊಂದನ್ನು ಎತ್ತಿಕೊಂಡಳು. ಕುರಿ ಕಾಯುವವರಿಗೆ ಆ ಬಂಡೆಯ ಗುಣ ಗೊತ್ತಿತ್ತು: ಕುಟ್ಟಿದರೆ ಕಂಚಿನಂತೆ ನಾದ ಕೊಡುವ ಕಲ್ಲು ಅದು. ಹಟ್ಟಿಯ ಹಿರಿಯ ಅವಳ ಕೈ ಹಿಡಿದ.

“ಬ್ಯಾಡ ತಂಗಿ. ಕುದುರಿ ಮಂದಿ ಇನ್ನೂ ಕೆಳಗ ಅದಾರೋ ಏನೋ. ಸಪ್ಪಳ ಕೇಳಿದ್ರ ನಮ್ಮನ್ನೂ ಉಳಸೂದಿಲ್ಲ.”

“ಮಕ್ಕಳು ಕರಿಯಾಕತ್ತಾವ ಯಜ್ಜ,” ಎಂದಳು ಹೊನ್ನವ್ವ. “ಓಗೊಡದ ಸುಮ್ನ ಕುಂತು ಉಳಕೊಂಡ್ರ, ನಾಳಿ ಯಾವ ಬಾಯಿಲೆ ಅವರ ಹೆಸರು ಹಿಡಿಯೂದು?”

ಹಿರಿಯ ಕೈ ಬಿಟ್ಟ. ಹೊನ್ನವ್ವ ಬಂಡೆಯ ನಡುವಿಗೆ ಕುಟ್ಟಿದಳು. ಮೊದಲ ಪೆಟ್ಟಿಗೇ ಮಂಜೆಲ್ಲ ನಡುಗಿದಂತಾಯಿತಂತೆ. ಆಮೇಲೆ ಅವಳು, ಮುದ್ದ ಹಬ್ಬಗಳಲ್ಲಿ ಬಾರಿಸುತ್ತಿದ್ದ ಡೊಳ್ಳಿನ ಗತ್ತನ್ನೇ ಹಿಡಿದು, ಅಂಗೈ ಒಡೆದು ನೆತ್ತರು ಬಂದರೂ ಬಿಡದೆ ಕುಟ್ಟುತ್ತ ಹೋದಳು. ಆಚೆಯ ಕೂಗು ನಿಂತಿತು. ಸ್ವಲ್ಪ ಹೊತ್ತಿಗೆ ಕಲ್ಲಿನ ಮೇಲೆ ಗೊರಸುಗಳ ಸದ್ದು ಕೇಳಿತು. ಒಂದಲ್ಲ, ನೂರಾರು ಗೊರಸು, ನೇರವಾಗಿ ಬಂಡೆಯತ್ತಲೇ. ಪೊಟರೆಯಲ್ಲಿದ್ದವರು ಮುಗಿಯಿತೆಂದು ಕಣ್ಣು ಮುಚ್ಚಿಕೊಂಡರು. ಹೊನ್ನವ್ವನ ಕೈ ಮಾತ್ರ ನಿಲ್ಲಲಿಲ್ಲ.

ಮಂಜು ಸೀಳಿಕೊಂಡು ಹೊರಬಂದದ್ದು ಒಂದು ಟಗರಿನ ಮುಖ. ಬಂಡೆಯ ಸಂದಿಯಲ್ಲಿ ಸಿಕ್ಕು ಅದರ ಒಂದು ಕೋಡು ಬುಡಕ್ಕೇ ಮುರಿದಿತ್ತು. ಅದರ ಹಿಂದೆ ಕುರಿಗಳು, ಕುರಿಗಳ ಉಣ್ಣೆಯನ್ನು ಹಿಡಿದುಕೊಂಡು ಒಬ್ಬೊಬ್ಬರಾಗಿ ಮಕ್ಕಳು, ಎಲ್ಲರ ಕೊನೆಗೆ ಮುದ್ದ. ಒಂದು ಮಗುವೂ ತಪ್ಪಿರಲಿಲ್ಲ. ಹೊನ್ನವ್ವ ಕಲ್ಲು ಕೆಳಗಿಟ್ಟು, ತಮ್ಮನನ್ನು ಅಪ್ಪುವ ಬದಲು ಕೆನ್ನೆಗೊಂದು ಏಟು ಕೊಟ್ಟು, ಆಮೇಲೆ ಅತ್ತಳು ಎನ್ನುತ್ತಾರೆ. ಸವಾರರು ಆ ನಾದಕ್ಕೆ ದೆವ್ವವೆಂದು ಬೆದರಿ ಓಡಿದರೆಂದು ಕೆಲವರ ಹೇಳಿಕೆ. ಅವರು ಆಗಲೇ ಹೊಳೆ ದಾಟಿದ್ದರೆಂದು ಇನ್ನು ಕೆಲವರದು. ನನಗೆ ಎರಡನೆಯದೇ ನಿಜವೆನಿಸುತ್ತದೆ. ಆದರೆ ಕುಟ್ಟುವಾಗ ಹೊನ್ನವ್ವನಿಗೆ ಅದು ಗೊತ್ತಿರಲಿಲ್ಲವಲ್ಲ.

ಇನ್ನು ಕಂಪನಿಯ ಮಾತು. ಈ ಊರಿನ ಮೊಮ್ಮಗ ಫಕೀರೇಶ, ಹೊಸಪೇಟೆಯಲ್ಲಿ ಬೆಳೆದವನು, ಗೆಳೆಯರೊಡನೆ ರಾಕ್ ತಂಡ ಕಟ್ಟಿ ಡ್ರಮ್ಸ್ ಬಾರಿಸುತ್ತಾನೆ. ತಮ್ಮ ಹಾಡುಗಳನ್ನು ಅವರು ಕಂಡಕಂಡ ಕಂಪನಿಗಳಿಗೆ ಕಳಿಸಿದ್ದರು. ಬೇಡ ಎಂದಿದ್ದರೂ ಸಮಾಧಾನವಾಗುತ್ತಿತ್ತು. ಯಾರೂ ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ತಾವೇ ಒಂದು ಕಂಪನಿ ಮಾಡಿ, ಅಜ್ಜಿಯ ಊರಿನ ಬಂಡೆಯ ಹೆಸರನ್ನೂ ಟಗರನ್ನೂ ಇಟ್ಟುಕೊಂಡರು. ಟೀಶರ್ಟಿನ ಚಿತ್ರ ಊರಿಗೆ ತಲುಪಿದಾಗ ದೊಡ್ಡ ಗಲಾಟೆಯಾಯಿತು. ಅಂದಿನಿಂದಲೂ ಊರಿನಲ್ಲಿ ಬಂಡೆಯೊಡನೆ ಪೂಜೆಗೊಳ್ಳುವ ಟಗರನ್ನು ಬೆವರಿನ ಅಂಗಿಯ ಮೇಲೆ ಅಚ್ಚು ಹಾಕುವುದೆಂದರೇನು? ಹುಡುಗರನ್ನು ಕರೆಸಿ ಬಂಡೆಯ ಎದುರಿಗೇ ಕೂರಿಸಿದರು. ಫಕೀರೇಶನ ಮುಖ ಬಾಡಿತ್ತು. ಅಚ್ಚಾದದ್ದನ್ನೆಲ್ಲ ಸುಟ್ಟುಬಿಡುತ್ತೇವೆ ಎಂದೇ ನಿರ್ಧರಿಸಿ ಬಂದಿದ್ದ. ಬಂಡೆಗೆ ಪೂಜೆ ಸಲ್ಲಿಸುವ, ಹೊನ್ನವ್ವನ ಮನೆತನದ ಮಲ್ಲಮ್ಮ, “ಯಾಕ ಇದೇ ಹೆಸರು ಬೇಕಾತಪ್ಪ ನಿಮಗ?” ಎಂದು ಕೇಳಿದಳು.

“ನಾವು ಎಲ್ಲಾರನ್ನೂ ಕರದ್ವಿ ಅಮ್ಮಾ. ಯಾರೂ ಓ ಅನಲಿಲ್ಲ,” ಎಂದ ಫಕೀರೇಶ.

ಮಲ್ಲಮ್ಮ ಬಂಡೆಯ ಮೇಲೆ ಕೈಯಿಟ್ಟಳು. “ಹಂಗಾರ ಹೆಸರು ಒಯ್ಯರಿ, ಟಗರನ್ನೂ ಒಯ್ಯರಿ. ಆದ್ರ ನಾಳಿ ನಿಮ್ಮನ್ನ ಯಾರರ ಕರದ್ರ, ಅವರ ಹಾಡು ಛಲೋ ಇರಲಿ ಬಿಡಲಿ, ನೀವು ಓ ಅನ್ನಬೇಕು. ಅನ್ನದಿದ್ರ ನಾನ ಬಂದು ಅಂಗಿ ಬಿಚ್ಚಸ್ತೀನಿ.” ಊರವರು ನಕ್ಕರು. ಬಿಗಿಹಿಡಿದಿದ್ದ ಉಸಿರು ಫಕೀರೇಶನಿಂದ ನಗುವಾಗಿ, ಅಳುವಾಗಿ ಹೊರಬಂತು. ತಮಗೆ ಬಂದ ಪ್ರತಿಯೊಂದು ಹಾಡಿಗೂ ಆ ಹುಡುಗರು ಇಂದಿಗೂ ಎರಡು ಮಾತಿನ ಉತ್ತರವನ್ನಾದರೂ ಕೊಡುತ್ತಾರೆಂದು ಕೇಳಿದ್ದೇನೆ.

ಈಗ ಹೋದವರಿಗೆ ಬಂಡೆಯ ನಡುವೆ ಬೋಗುಣಿಯಂಥ ಕುಳಿಗಳು ಸಾಲಾಗಿ ಕಾಣುತ್ತವೆ. ತಲೆತಲಾಂತರದ ಕೈಗಳು ಕುಟ್ಟಿ ಮಾಡಿದ ಕುಳಿಗಳು. ಒಂದರಲ್ಲಿ ಮಳೆನೀರು ನಿಂತು ಗುಬ್ಬಿಗಳು ಮೀಯುತ್ತಿರುತ್ತವೆ. ಯಾರು ಬೇಕಾದರೂ ಒಂದು ಪೆಟ್ಟು ಹಾಕಬಹುದು, ತಡೆಯಿಲ್ಲ. ನಾದ ಗುಡ್ಡ ಇಳಿದು ಹೋಗುತ್ತದೆ, ಆಮೇಲೆ ಎಲ್ಲವೂ ಮೌನ. ಬಂದವರು ಇಷ್ಟೇ ಇರಬೇಕೆಂದು ಹೊರಡುವ ಹೊತ್ತಿಗೆ, ಕೆಳಗಿನ ಹೊಲದಲ್ಲಿ ಕಳೆ ಕೀಳುವ ಹೆಂಗಸೋ, ಕಣ್ಣಿಗೆ ಕಾಣದ ಯಾವನೋ ಕುರಿಗಾಹಿಯೋ, ಮಾಡುವ ಕೆಲಸದಿಂದ ತಲೆಯನ್ನೂ ಎತ್ತದೆ, “ಓ...” ಎನ್ನುತ್ತಾರೆ.