ಹಣೆಯ ಮೇಲಿನ ಹಿಟ್ಟು

"ಗುರುಗಳೇ, ಮನಸ್ಸಿಲ್ಲದೆ ಹೇಳಿದ ಪ್ರಾರ್ಥನೆ ಸುಳ್ಳಲ್ಲವೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಸವೇರಿ. ಪಾದ್ರಿಯಾಗಬೇಕೆಂದು ಮನೆ ಬಿಟ್ಟು ಬಂದು ಓದುತ್ತಿದ್ದವನು. ಕೆಲವು ದಿನಗಳಿಂದ ಅವನು ಸಂಜೆಯ ಪ್ರಾರ್ಥನೆಗೆ ಬಂದಿರಲಿಲ್ಲ. ಗುರುಗಳು ಕಾರಣ ಕೇಳಿರಲಿಲ್ಲ. ಈಗ ಅವನೇ ಹೇಳಿದ.

"ಬಾಯಿ ಪ್ರಾರ್ಥನೆ ಹೇಳುತ್ತಿರುತ್ತದೆ, ಮನಸ್ಸು ಊರೆಲ್ಲ ಸುತ್ತುತ್ತಿರುತ್ತದೆ. ದೇವರ ಮುಂದೆ ಸುಳ್ಳಾಡುವುದಕ್ಕಿಂತ ಸುಮ್ಮನಿರುವುದೇ ಮೇಲು ಅನ್ನಿಸಿತು. ಬಿಟ್ಟುಬಿಟ್ಟೆ."

"ಬಿಟ್ಟದ್ದು ಬಿಟ್ಟೆ, ಹಲ್ಲುಜ್ಜುವುದನ್ನು ಮಾತ್ರ ಬಿಡಬೇಡ. ಅದನ್ನೂ ನೀನು ಮನಸ್ಸಿಟ್ಟು ಮಾಡುವಂತೆ ಕಾಣುವುದಿಲ್ಲ" ಎಂದರು ಗುರುಗಳು.

ಹುಡುಗ ನಗಲಿಲ್ಲ. ಅವನಿಗೆ ನಿಜವಾಗಿಯೂ ನೋವಾಗಿತ್ತು. ಅದನ್ನು ಕಂಡು ಗುರುಗಳು ತಮಾಷೆ ಬಿಟ್ಟರು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೇಕರಿಯವನಿದ್ದ. ಮನೆಯ ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ಭಟ್ಟಿ, ನಡುವೆ ಸಂಸಾರ. ಸಂಸಾರವೆಂದರೆ ಅವನು, ಅವನ ಹೆಂಡತಿ, ಅವನ ತಾಯಿ, ಒಬ್ಬಳೇ ಮಗಳು. ಮಗಳ ಹೆಸರು ಲೂರ್ದು ಮೇರಿ. ಕೋಳಿ ಕೂಗುವ ಮೊದಲೇ ಹಿಟ್ಟು ನಾದಲು ಏಳುತ್ತಿದ್ದನಾದ್ದರಿಂದ ಬೇಕರಿಯವನು ಹಗಲೆಲ್ಲ ಅರೆನಿದ್ದೆಯಲ್ಲೇ ಇರುತ್ತಿದ್ದ. ಅವನ ಮನೆಯೂ ಹಾಗೆಯೇ. ಬಿಸಿ ಬನ್ನಿನ ವಾಸನೆ ಗೋಡೆಗಳಿಗೆಲ್ಲ ಹಿಡಿದುಬಿಟ್ಟಿತ್ತು. ಒಳಗೆ ಕಾಲಿಟ್ಟವರಿಗೆ ಮೆಲ್ಲಗೆ ತೂಕಡಿಕೆ ಬರುತ್ತಿತ್ತು. ಜಗಳಕ್ಕೆಂದು ಬಂದವರೂ ಬಂದ ಕೆಲಸ ಮರೆತು ಟೀ ಕುಡಿದು ಹೋಗುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಆ ಮನೆಯವರು ಚಾಪೆ ಹಾಸಿ ಕೂತು, ಮಣಿ ಎಣಿಸುತ್ತಾ ಜಪಸರ ಹೇಳುತ್ತಿದ್ದರು. ಮುದುಕಿ ಮುಂದೆ ಹೇಳುವಳು, ಉಳಿದವರು ಹಿಂದೆ ಹೇಳುವರು. ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಹೋಗಿ, ಕೈಮುಗಿದು, "ಸ್ತೋತ್ರ" ಎನ್ನಬೇಕು. ಹಿರಿಯರು ಹೆಬ್ಬೆರಳಿನಿಂದ ಅವರ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, "ದೇವರು ನಿನ್ನನ್ನು ಕಾಯಲಿ" ಎಂದು ಹರಸಬೇಕು. ಊಟ ಆಮೇಲೆ. ನಿನ್ನ ಮನೆಯಲ್ಲೂ ಇದ್ದೀತು, ಹೊಸದೇನಲ್ಲ.

ಬೇಕರಿಯವನ ಹೆಬ್ಬೆರಳಿನಲ್ಲಿ ಎಷ್ಟು ತೊಳೆದರೂ ಹಿಟ್ಟಿರುತ್ತಿತ್ತು. ಉಗುರಿನ ಸಂದಿಯಲ್ಲಿ ಮನೆ ಮಾಡಿಕೊಂಡದ್ದು ಹೋಗುವುದೆಲ್ಲಿಗೆ? ಹೀಗಾಗಿ ಊಟಕ್ಕೆ ಕೂತಾಗ ಲೂರ್ದುವಿನ ಹಣೆಯ ಮೇಲೆ ತೆಳ್ಳಗೆ ಬೆಳ್ಳಗೆ ಒಂದು ಶಿಲುಬೆ ಕಾಣುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳುತ್ತಿರಲಿಲ್ಲ. ಬೆಳಗಾಗುವುದರೊಳಗೆ ಅದು ದಿಂಬಿಗೆ ಸೇರುತ್ತಿತ್ತು.

ಜ್ಞಾನಸ್ನಾನವಾದ ದಿನ ಮಗು ತೊಟ್ಟಿಲಲ್ಲಿತ್ತು. ಅವನು ಸೊಂಟ ಬಗ್ಗಿಸಿ ಗುರುತು ಹಾಕಿದ. ಮೊದಲ ಹಲ್ಲು ಬಂದ ದಿನ ಮಗು ಅವನ ಹೆಬ್ಬೆರಳನ್ನೇ ಕಚ್ಚಿತು. ಅದು ಮೊದಲು ಆಡಿದ ಮಾತು ಅಪ್ಪ ಅಲ್ಲ, ಅಮ್ಮ ಅಲ್ಲ, "ತೋತ". ಆ ದಿನ ಅಜ್ಜಿ ನಕ್ಕು ನಕ್ಕು ಜಪಸರವನ್ನೇ ಕೈಯಿಂದ ಬೀಳಿಸಿದಳು. ಹಲ್ಲು ಬಂದದ್ದಕ್ಕೊಂದು ಕೇಕು, ಹಲ್ಲು ಬಿದ್ದದ್ದಕ್ಕೊಂದು ಕೇಕು. ಮೊದಲ ಪರಮಪ್ರಸಾದಕ್ಕೆ ಬಿಳಿ ಫ್ರಾಕು ತೊಟ್ಟು, ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು ಬಂದಾಗ ಕಿರೀಟ ಕೆಡದ ಹಾಗೆ ಗುರುತು ಹಾಕಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ವರ್ಷ ಕಳೆದ ಹಾಗೆ ಮಗಳ ಹಣೆ ಮೇಲೆ ಮೇಲೆ ಬಂತು. ಬಗ್ಗುತ್ತಿದ್ದವನು ನೇರ ನಿಂತ. ಆಮೇಲೆ ಕೈ ಎತ್ತಿದ. ಅವನು ಕುಳ್ಳ, ಮಗಳು ತಾಯಿಯ ಹಾಗೆ ಎತ್ತರ. ಒಂದು ದಿನ, ಯಾವಾಗ ಎಂದು ಅವನಿಗೆ ತಿಳಿಯಲೇ ಇಲ್ಲ, ಅವಳೇ ಅವನಿಗಾಗಿ ತಲೆ ಬಗ್ಗಿಸಿದಳು.

ಇಷ್ಟು ಸುಖ ಇದ್ದರೂ ಅದನ್ನು ಸುಖ ಎಂದು ಯಾರೂ ಕರೆಯಲಿಲ್ಲ. ದಿನಾ ಇರುವುದಕ್ಕೆ ಯಾರು ಹೆಸರಿಡುತ್ತಾರೆ?

ಲೂರ್ದುವಿಗೆ ಮದುವೆ ಗೊತ್ತಾಯಿತು. ಗಂಡು ಒಳ್ಳೆಯವನು, ಮನೆತನ ಒಳ್ಳೆಯದು. ಬೇಕರಿಯವನಿಗೆ ಅದೆಲ್ಲಕ್ಕಿಂತ ದೊಡ್ಡದು ಮದುವೆಯ ಕೇಕು. ಆ ಕೇಕನ್ನು ಅವನು ಮನಸ್ಸಿನಲ್ಲಿ ಬೇಯಿಸಲು ಶುರುಮಾಡಿ ವರ್ಷಗಳೇ ಆಗಿದ್ದವು. ಕನಸಿನಲ್ಲೂ ಬರುತ್ತಿತ್ತು. ಕನಸಿನಲ್ಲಿ ಅದು ಚರ್ಚಿನ ಗೋಪುರದಷ್ಟು ಎತ್ತರ. ಅವನು ಏಣಿ ಹಾಕಿ ಹತ್ತಿ ಐಸಿಂಗ್ ಹಚ್ಚುತ್ತಿದ್ದ. ಮೇಲಿನಿಂದ ನೋಡಿದರೆ ಊರಿನ ಮನೆಗಳ ಮೇಲೆಲ್ಲ ಸಕ್ಕರೆ ಪುಡಿ ಉದುರಿರುತ್ತಿತ್ತು, ಕೆಳಗೆ ಮಗಳು ಚಿಕ್ಕವಳಾಗಿ ನಿಂತು ಕೈ ಬೀಸುತ್ತಿದ್ದಳು. ಎದ್ದಾಗ ಅವನಿಗೆ ಬಾಯೆಲ್ಲ ಸಿಹಿ.

ಹೀಗಿರುವಾಗ ಒಂದು ದಿನ ಮಗಳು ಹೊರಗಿನಿಂದ ಬಂದವಳೇ ಹೇಳಿದಳು: "ಕೇಕಿನ ಚಿಂತೆ ಬಿಡಿ ಅಪ್ಪ. ಗಂಡಿನೋರು ಸಿಟಿ ಬೇಕರಿಯಿಂದ ತರಿಸ್ತಾರಂತೆ. ನಾನೂ ಹೂಂ ಅಂದ್ಬಿಟ್ಟೆ."

"ನಿನಗೂ ನಮ್ಮ ಕೇಕು ಸಾಲದಾಯ್ತಾ?" ಎಂದ ಬೇಕರಿಯವನು.

"ಹಂಗಲ್ಲ ಅಪ್ಪ" ಎನ್ನುವಷ್ಟರಲ್ಲಿ ಅವನು ಭಟ್ಟಿಯ ಕಡೆ ಹೋಗಿಬಿಟ್ಟಿದ್ದ.

ಅವಳ ಮನಸ್ಸಿನಲ್ಲಿದ್ದದ್ದೇ ಬೇರೆ. ಆ ಪೇಟೆಯಲ್ಲಿ ಯಾರ ಮದುವೆಯಾದರೂ ಕೇಕು ಅವನದೇ. ಚರ್ಚಿನಲ್ಲಿ ಪೂಜೆ ನಡೆಯುವಾಗ ಅವನು ಮದುವೆ ಮನೆಯ ಹಿಂಬಾಗಿಲಲ್ಲಿ ಬೆವರು ಸುರಿಸುತ್ತಾ ನಿಂತು ಕೇಕಿಗೆ ನೊಣ ಕೂರದಂತೆ ಕಾಯುತ್ತಿರುತ್ತಿದ್ದ. ಒಬ್ಬ ಮದುಮಗಳ ಮುಖವನ್ನೂ ಅವನು ಸರಿಯಾಗಿ ನೋಡಿದವನಲ್ಲ. ತನ್ನ ಮದುವೆಯಲ್ಲಾದರೂ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಬೆಂಚಿನಲ್ಲಿ ಕೂರಲಿ ಎಂದು ಅವಳಿಗೆ ಆಸೆ. ಆದರೆ ಮೊದಲು ಹೇಳಬೇಕಾದ ಮಾತನ್ನು ಕೊನೆಗಿಟ್ಟುಕೊಂಡು, ಕೊನೆಗೆ ಹೇಳಬೇಕಾದದ್ದನ್ನು ಮೊದಲು ಹೇಳಿದಳು. ಪ್ರೀತಿ ಇರುವವರು ಮಾಡುವ ತಪ್ಪು ಇದು. ಎದುರಿನವರಿಗೆ ಎಲ್ಲ ಗೊತ್ತಿದೆ ಎಂದುಕೊಂಡುಬಿಡುತ್ತಾರೆ.

ಅಂದಿನಿಂದ ಅವನು ಮಗಳ ಜೊತೆ ಮಾತು ಬಿಟ್ಟ. ಕೇಳಿಸಿಕೊಳ್ಳದವರಿಗೆ ನಾನೇಕೆ ಹೇಳಲಿ ಎಂದು ಅವಳೂ ಬಾಯಿ ಬಿಗಿದಳು. ನೂಲಿನಂತೆ ಸೀರೆ ಎನ್ನುತ್ತಾರೆ. ಈ ಸೀರೆಗೆ ನೂಲು ಅಪ್ಪನದು. ಚರ್ಚಿನಲ್ಲಿ ಭಾನುವಾರ ಅವಳ ಮದುವೆಯ ಪ್ರಕಟಣೆ ಓದಿದಾಗ ಜನ ಬಂದು ಶುಭ ಹೇಳಿದರು. ಅಪ್ಪ ಒಂದು ಕಡೆ ನಿಂತು ನಕ್ಕ, ಮಗಳು ಇನ್ನೊಂದು ಕಡೆ ನಿಂತು ನಕ್ಕಳು. ಮದುವೆಯಾಗಿ ಹೋಗುವ ಮಗಳು ಮುನಿಸನ್ನು ಹೊತ್ತುಕೊಂಡು ಹೊಸಿಲು ದಾಟಿದರೆ, ಆಮೇಲೆ ಅವಳು ಆ ಮನೆಗೆ ನೆಂಟಳಾಗಿ ಬರಬಹುದು, ಮಗಳಾಗಿ ಬರುವುದು ಕಷ್ಟ. ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರಿಗೂ ಭಯವಿತ್ತು. ನಾಲಿಗೆ ಮಾತ್ರ ಏಳಲಿಲ್ಲ.

ಸಂಜೆಯ ಜಪಸರ ನಿಲ್ಲಲಿಲ್ಲ. ಮುಗಿದ ಮೇಲೆ ಅವಳು ಬಂದು ತಲೆ ಬಗ್ಗಿಸಿ "ಸ್ತೋತ್ರ ಅಪ್ಪ" ಎನ್ನುವಳು. ಅವನು ಬೇರೆ ಕಡೆ ನೋಡುತ್ತಾ ಹೆಬ್ಬೆರಳನ್ನು ಹಣೆಗೆ ಮುಟ್ಟಿಸಿದಂತೆ ಮಾಡಿ "ದೇವರು ಕಾಯಲಿ" ಎನ್ನುವನು. ಮೊಳೆಗೆ ಟೋಪಿ ನೇತುಹಾಕುವವನಿಗೂ ಅವನಿಗಿಂತ ಹೆಚ್ಚು ಗಮನ ಇದ್ದೀತು. ಇಡೀ ದಿನದಲ್ಲಿ ಅವರ ನಡುವೆ ನಡೆಯುವ ಮಾತು ಅಷ್ಟೇ. ನೋಡಿ ನೋಡಿ ಹೆಂಡತಿಗೆ ರೇಗಿತು.

"ಮನಸಿಲ್ದೆ ಕೊಡೋ ಆಶೀರ್ವಾದ ದೇವರಿಗೂ ಬೇಡ. ಬಿಟ್ಬಿಡಿ ಅತ್ಲಾಗೆ" ಎಂದಳು.

"ಜಪ ಮುಗಿದ್ಮೇಲೆ ಕೊಡ್ಬೇಕು, ಕೊಡ್ತೀನಿ. ನಿನಗ್ಯಾಕೆ?" ಎಂದ ಅವನು.

ಮದುವೆಗೆ ಇನ್ನು ಕೆಲವೇ ದಿನ ಉಳಿದಿತ್ತು. ಆ ದಿನ ತಾಯಿ ಮಗಳು ಬಿಸಿಲಲ್ಲಿ ಮನೆ ಮನೆ ತಿರುಗಿ ಕರೆದು ಬಂದಿದ್ದರು. ಸಂಜೆ ಜಪಕ್ಕೆ ಕೂತ ಲೂರ್ದು ಗೋಡೆಗೆ ಒರಗಿದಳು. ಭಟ್ಟಿಯಲ್ಲಿ ಬನ್ನು ಬೇಯುತ್ತಿತ್ತು. ಮುದುಕಿಯ ದನಿ ಒಂದೇ ಸಮನೆ ಏರಿ ಇಳಿಯುತ್ತಿತ್ತು. ಅರ್ಧ ಜಪ ಮುಗಿಯುವಷ್ಟರಲ್ಲಿ ಹುಡುಗಿಯ ಉತ್ತರ ನಿಂತಿತು. ಅವಳು ಮಗುವಿನ ಹಾಗೆ ಬಾಯಿ ತೆರೆದು ನಿದ್ದೆಹೋಗಿದ್ದಳು.

ಜಪ ಮುಗಿಯಿತು. ಎಬ್ಬಿಸಬೇಡಿ, ಸುಸ್ತಾಗಿದ್ದಾಳೆ ಎಂದು ತಾಯಿ ದುಪ್ಪಟಿ ಹೊದಿಸಿದಳು. ಮುದುಕಿ ಎದ್ದಳು. ತಟ್ಟೆ ಹಾಕಿದ್ದಾಯಿತು, ಅನ್ನ ಬಡಿಸಿದ್ದಾಯಿತು. ಬೇಕರಿಯವನು ಚಾಪೆಯಿಂದ ಏಳಲಿಲ್ಲ.

"ಊಟಕ್ಕೆ ಬನ್ನಿ" ಎಂದು ಹೆಂಡತಿ ಕರೆದಳು. "ಬತ್ತೀನಿ" ಎಂದ. ಬರಲಿಲ್ಲ. ಅವಳು ಮತ್ತೆ ಕರೆದಳು. ಅವನಿಗೆ ಹಸಿವಾಗಿತ್ತು. ಸಾರಿನ ವಾಸನೆ ಮೂಗಿಗೆ ಬರುತ್ತಿತ್ತು. ಆದರೂ ಕಾಲು ಏಳಲಿಲ್ಲ. ಏನೋ ಮರೆತಿದ್ದೇನೆ, ಯಾವುದೋ ಬಾಗಿಲು ಹಾಕದೆ ಬಂದಿದ್ದೇನೆ ಎನ್ನುವಂಥ ಕಳವಳ. ತೊಡೆಯ ಮೇಲಿದ್ದ ಕೈಯ ಹೆಬ್ಬೆರಳು ತನ್ನಷ್ಟಕ್ಕೆ ತೋರುಬೆರಳನ್ನು ಉಜ್ಜುತ್ತಿತ್ತು. ಅದನ್ನು ನೋಡಿದ ಮೇಲೆ ಅವನಿಗೆ ತಿಳಿಯಿತು: ಇವತ್ತು ಮಗಳ ಹಣೆಗೆ ಗುರುತು ಹಾಕಿಲ್ಲ. ಮುಂದಿನ ವಾರ ಈ ಹೊತ್ತಿಗೆ ಈ ಚಾಪೆಯ ಮೇಲೆ ಅವಳಿರುವುದಿಲ್ಲ.

ಅವನು ಮಂಡಿಯ ಮೇಲೆ ಸರಿದು ಅವಳ ಹತ್ತಿರ ಹೋದ. ತೊಟ್ಟಿಲಿಗೆ ಬಗ್ಗಿದ ಹಾಗೆ ಬಗ್ಗಿ, ಹಣೆಯ ಮೇಲೆ ನಿಧಾನವಾಗಿ ಗುರುತು ಹಾಕಿದ.

"ಸ್ತೋತ್ರ ಅಪ್ಪ" ಎಂದಳು ಲೂರ್ದು. ಕಣ್ಣು ಮುಚ್ಚಿಯೇ ಇತ್ತು. "ಅವತ್ತು ನೀವು ಹಿಂಬಾಗಿಲಲ್ಲಿ ನಿಂತ್ಕೋಬೇಡಿ. ಮುಂದಿನ ಬೆಂಚಲ್ಲಿ ಕೂತ್ಕೊಳ್ಳಿ. ನಾನು ತಿರುಗಿ ನೋಡಿದ್ರೆ ಕಾಣ್ಬೇಕು."

ಸಿಟಿಯ ಕೇಕು ಯಾಕೆ ಬರುತ್ತಿದೆ ಎಂದು ಬೇಕರಿಯವನಿಗೆ ಆಗ ಅರ್ಥವಾಯಿತು. ಅವನು ಅತ್ತ. ಅಳು ತಡೆದುಕೊಂಡು, "ಕೂತ್ಕೋತೀನಿ ಕಣವ್ವ" ಎಂದ.

ಅವಳು ನಿದ್ದೆಯಲ್ಲಿ ಆಡಿದಳೋ ಎಚ್ಚರದಲ್ಲಿ ಆಡಿದಳೋ ನನ್ನನ್ನು ಕೇಳಬೇಡ. ಆ ಮನೆಯಲ್ಲಿ ಅವೆರಡರ ನಡುವೆ ಗೋಡೆಯೇ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ಕೂತಳು. ಅಪ್ಪ ಮಗಳು ಒಂದೇ ತಟ್ಟೆಯಲ್ಲಿ ತಣ್ಣಗಾದ ಅನ್ನ ಉಂಡರು. ಮುದುಕಿ ಮಾತ್ರ ಇದೆಲ್ಲ ತನ್ನ ಜಪದ ಫಲವೆಂದು ಸಾಯುವ ತನಕ ಹೇಳಿಕೊಂಡು ತಿರುಗಿದಳು. ಇದ್ದರೂ ಇದ್ದೀತು.

ಮದುವೆಯ ದಿನ ಬೇಕರಿಯವನು ಮುಂದಿನ ಬೆಂಚಿನಲ್ಲಿ ಕೂತ. ಕೆಲಸವಿಲ್ಲದ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಮಗಳು ತಿರುಗಿ ನೋಡಿದಳು. ಅವನು ಕಂಡ. ಸಿಟಿಯ ಕೇಕು ಎತ್ತರವಾಗಿ, ಬೆಳ್ಳಗೆ, ಚೆನ್ನಾಗಿಯೇ ಇತ್ತು. ಒಂದು ತುಂಡು ಬಾಯಿಗಿಟ್ಟುಕೊಂಡು ಹೆಂಡತಿಯ ಕಿವಿಯಲ್ಲಿ "ಬೆಣ್ಣೆ ಕಮ್ಮಿ" ಎಂದ. "ಸುಮ್ನೆ ತಿನ್ನಿ" ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು. ಹಿಡಿದ ಪಟ್ಟು ಬಿಡುವವನಲ್ಲ ಸವೇರಿ.

"ಆ ಸಂಜೆ ಕೊಟ್ಟದ್ದು ನಿಜವಾದ ಆಶೀರ್ವಾದ, ಒಪ್ಪಿದೆ. ಆದರೆ ಅದಕ್ಕೆ ಮೊದಲು ಸಿಟ್ಟಿನಲ್ಲಿ, ಮುಖ ತಿರುಗಿಸಿಕೊಂಡು ಕೊಟ್ಟವೆಲ್ಲ ಸುಳ್ಳೇ ತಾನೆ, ಗುರುಗಳೇ?"

ಗುರುಗಳು ಹೇಳಿದರು: "ಒಂದು ಸುಳ್ಳು ಹೇಳುವುದು ತಪ್ಪಿಹೋಯಿತಲ್ಲ ಎಂದು ಯಾರಾದರೂ ಊಟ ಬಿಟ್ಟು ಕೂತದ್ದುಂಟೇ, ಮಗು?"