ಎರಡನೇ ಹಾಳೆಗೆ ಬಿದ್ದ ಗಂಡ

ಟೈಪಿಂಗ್ ಅಂಗಡಿಯ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಬಂದ ದಿನವೇ ಪುಟ್ಟತಾಯಮ್ಮನ ತಿಥಿ ಪತ್ರ ಹಳೇ ಪ್ರಿಂಟರಿನ ಬಾಯಿಗೆ ಬಂತು. ಒಂದು ಹಾಳೆಯಲ್ಲಿ ಮುಗಿಯಬೇಕಾದ್ದು ಎರಡಾಗಿತ್ತು. ಎರಡನೆಯದರಲ್ಲಿ ಗಂಡ ಜವರೇಗೌಡನ ಹೆಸರೊಂದೇ.

"ಲೋ ಹೊಸಬ, ಗಂಡನ್ನ ಯಾಕೋ ಹೊರಗೆ ದಬ್ಬಿದೆ?" ಎಂದಿತು ಪ್ರಿಂಟರು.

"ಸಾಲುಗಳ ನಡುವೆ ಇಷ್ಟು ಜಾಗ ಬಿಡುವುದು ನನ್ನ ಹುಟ್ಟುಗುಣ," ಎಂದಿತು ಸಾಫ್ಟ್‌ವೇರು.

"ಯಮ ಅಗಲಿಸಿದ್ದು ಸಾಲದೇನೋ?" ಪ್ರಿಂಟರು ಹಾಳೆ ಕಚ್ಚಿಕೊಂಡು ಕೂತಿತು. ಎಳೆದರೂ ಬಿಡಲಿಲ್ಲ.

ಅಂಗಡಿಯ ಸಾಕಮ್ಮ ಸೆಟ್ಟಿಂಗ್ ತೆರೆದು ಸಾಲುಗಳನ್ನು ಹತ್ತಿರ ತಂದಳು. ಇನ್ನು ಎಲ್ಲ ಪತ್ರಕ್ಕೂ ಹೀಗೇ ಇರಲಿ ಎಂಬ ಗುಂಡಿಯನ್ನೂ ಒತ್ತಿದಳು. ಜವರೇಗೌಡ ಹೆಂಡತಿಯ ಹಾಳೆಗೆ ಮರಳಿದ.

"ಇಷ್ಟು ಒತ್ತಾದರೆ ಉಸಿರು ಕಟ್ಟುತ್ತೆ," ಎಂದು ಸಾಫ್ಟ್‌ವೇರು ಗೊಣಗಿತು.

"ನಲವತ್ತು ವರ್ಷ ಒಂದೇ ಚಾಪೆಯಲ್ಲಿ ಮಲಗಿದವರಿಗೇ ಕಟ್ಟಲಿಲ್ಲ, ನಿನಗೇನೋ ಕಟ್ಟೋದು?" ಎನ್ನುತ್ತಾ ಪ್ರಿಂಟರು ಹಾಳೆ ಬಿಟ್ಟಿತು.